ಹಳದಿ ದಾರದ ವಾರ

ಬೀಜದ ಕಂಪನಿಯ ಬಲೆಮನೆಗಳಲ್ಲಿ, ಹುಳ ನುಗ್ಗದಂತೆ ಬಲೆ ಹೊದಿಸಿ ಬಳ್ಳಿ ಬೆಳೆಸುವ ಚಪ್ಪರಗಳಲ್ಲಿ, ಅವಳನ್ನು ಎಲ್ಲರೂ ಬೀಗತಿ ಎಂದೇ ಕರೆಯುತ್ತಿದ್ದರು. ಯಾರದೋ ಮನೆಗೆ ಮಗಳನ್ನು ಕೊಟ್ಟು ಬಂದ ಹೆಸರಲ್ಲ ಅದು. ಇಪ್ಪತ್ತೆರಡು ವರ್ಷಗಳಿಂದ ಅವಳು ಒಂದು ಬಲೆಮನೆಯ ಹಾಗಲದ ಗಂಡು ಹೂವನ್ನು ತಂದು ಇನ್ನೊಂದು ಬಲೆಮನೆಯ ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದಳು. ಎರಡು ಮನೆಗಳ ನಂಟು ಕುದುರಿಸುವವಳು ಬೀಗತಿಯಲ್ಲದೆ ಇನ್ನೇನು ಎಂದು ಜೊತೆಯವಳೊಬ್ಬಳು ಊಟದ ಹೊತ್ತಿನಲ್ಲಿ ನಗಾಡಿದ್ದಳು. ಹೆಸರಿಟ್ಟವಳು ಎಂದೋ ಕೆಲಸ ಬಿಟ್ಟು ಹೋದಳು, ಹೆಸರು ಇವಳಿಗೆ ಅಂಟಿಕೊಂಡು ಉಳಿಯಿತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವಳೇ ಒಂದು ಗಳಿಗೆ ತಡೆದು ಓಗೊಡುತ್ತಿದ್ದಳು.

ಕೆಲಸ ನೋಡಲು ಸುಲಭ. ಹಾಗಲಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಎರಡಕ್ಕೂ ಐದು ಹಳದಿ ಎಸಳು. ಗಂಡು ಹೂವಿನ ತೊಟ್ಟು ಬರೀ ದಾರದಂತೆ ಸಣ್ಣಗೆ ಉದ್ದ. ಹೆಣ್ಣು ಹೂವಿನ ಎಸಳ ಕೆಳಗೆ ಮಾತ್ರ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಯಿ ಮೊದಲೇ ಕೂತಿರುತ್ತದೆ, ಮೈತುಂಬ ಮುಳ್ಳುಮುಳ್ಳಾಗಿ. ಪರಾಗ ಸಿಕ್ಕಿದರೆ ಅದು ಬೆಳೆಯುತ್ತದೆ, ಸಿಗದಿದ್ದರೆ ಮೂರು ದಿನದಲ್ಲಿ ಹಳದಿಗಟ್ಟಿ ಉದುರುತ್ತದೆ. ಒಂದು ಹೆಣ್ಣಿಗೆ ಹತ್ತು ಹದಿನೈದು ಗಂಡು ಹೂವು ಬಿಡುವುದೂ ಉಂಟು.

ಅವಳ ಮಗಳು ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಹೂವಿನ ಭಾಗಗಳ ಚಿತ್ರ ಬರೆಯುತ್ತ ಕೂತಿದ್ದಳು. ನಡುವೆ ಅಂಡಾಶಯ, ಸುತ್ತ ಕೇಸರ, ಎಲ್ಲ ಒಂದೇ ಹೂವಿನಲ್ಲಿ. ಬೀಗತಿ ಬಗ್ಗಿ ನೋಡಿ, "ನಮ್ಮ ಹೂವಿನಲ್ಲಿ ಹೀಗಿರಲ್ಲ ಕಣೆ. ಗಂಡ ಹೆಂಡತಿ ಬೇರೆ ಬೇರೆ ಮನೆ ಮಾಡ್ಕೊಂಡಿದ್ದಾರೆ," ಎಂದಿದ್ದಳು. ಮಗಳು ಅದನ್ನೇ ಪರೀಕ್ಷೆಯಲ್ಲಿ ಬರೆದು ಬಂದಳೆಂದು ಮನೆಯಲ್ಲಿ ಬಹಳ ದಿನ ನಗೆಯಿತ್ತು. ಈಗ ಆ ಮಗಳು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು.

ಕಂಪನಿಗೆ ಬೇಕಾದದ್ದು ಎರಡು ತಳಿಗಳ ಕೂಡುಬೀಜ. ತಾಯಿ ತಳಿಯ ಕಾಯಿ ಬಿಳಿ, ಮೋಟು. ತಂದೆ ತಳಿಯದು ಕಡುಹಸಿರು, ನೀಳ. ಇದರ ಪರಾಗದ ಪುಡಿ ಅದಕ್ಕೆ ಬಿದ್ದು ಕಟ್ಟಿದ ಬೀಜವನ್ನೇ ಪೊಟ್ಟಣ ಮಾಡಿ ಮಾರುತ್ತಿದ್ದರು. ಆದ್ದರಿಂದ ತಾಯಿ ಬಳ್ಳಿಗಳಲ್ಲಿ ಬಿಡುವ ಗಂಡು ಮೊಗ್ಗನ್ನು ಅರಳುವ ಮೊದಲೇ ಒಂದೂ ಬಿಡದೆ ಚಿವುಟಬೇಕು. ಒಂದು ಉಳಿದು ಅರಳಿದರೂ ಇರುವೆಯೋ ಸಣ್ಣ ನೊಣವೋ ಅದರ ಪುಡಿಯನ್ನು ಪಕ್ಕದ ಹೆಣ್ಣಿಗೆ ಒಯ್ಯುತ್ತದೆ, ಬೀಜ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಆ ಬೀಜ ಬಿತ್ತಿ, ಬಳ್ಳಿ ಹಬ್ಬಿ, ಕಾಯಿ ಬಿಳಿಯಾಗಿ ಕಂಡಾಗಲೇ ಗೊತ್ತಾಗುವುದು.

ಮಧ್ಯಾಹ್ನ ಮೂರಕ್ಕೆ ಅವಳು ತನ್ನ ಎರಡು ಸಾಲುಗಳಿಗೆ ಇಳಿಯುತ್ತಿದ್ದಳು. ನಾಳೆ ಅರಳುವ ಹೆಣ್ಣು ಮೊಗ್ಗು ಯಾವುದು ಎಂದು ತುದಿಯ ಹಳದಿಯಿಂದ ಗುರುತಿಸಿ, ಅದಕ್ಕೆ ಬೆರಳುದ್ದದ ಕಾಗದದ ಟೊಪ್ಪಿಗೆ ಹಾಕಿ, ಬುಡದಲ್ಲಿ ಕ್ಲಿಪ್ಪು ಒತ್ತುವುದು. ಗಂಡು ಮೊಗ್ಗುಗಳನ್ನೆಲ್ಲ ಚಿವುಟಿ ಸೊಂಟದ ಚೀಲಕ್ಕೆ ಹಾಕುವುದು. ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಬಂದು, ತಂದೆ ತಳಿಯ ಬಲೆಮನೆಯಿಂದ ತಟ್ಟೆಯಲ್ಲಿ ಬಂದ ಗಂಡು ಹೂವಿನ ಎಸಳು ಹಿಂದಕ್ಕೆ ಮಡಚಿ, ಟೊಪ್ಪಿಗೆ ತೆಗೆದು, ಹೆಣ್ಣು ಹೂವಿನ ನಡುವಿನ ಹಸಿರು ಗಂಟಿಗೆ ಮೆಲ್ಲಗೆ ಸವರುವುದು. ಟೊಪ್ಪಿಗೆ ಮರಳಿ ಹಾಕಿ ತೊಟ್ಟಿಗೆ ಬಣ್ಣದ ದಾರ ಕಟ್ಟುವುದು. ಒಂದು ವಾರ ಕೆಂಪು, ಒಂದು ವಾರ ನೀಲಿ, ಒಂದು ವಾರ ಹಳದಿ, ಹೀಗೆ ಪ್ರತಿ ವಾರಕ್ಕೂ ಬೇರೆ ಬಣ್ಣ. ಯಾವ ಕಾಯಿ ಯಾವ ವಾರದ್ದು ಎಂದು ಕೊಯ್ಲಿನಲ್ಲಿ ತಿಳಿಯಲು ಈ ಏರ್ಪಾಡು. ಬಿಸಿಲೇರಿ ಒಂಬತ್ತಾದರೆ ಹೂವು ಬಾಡುತ್ತದೆ, ಅಷ್ಟರಲ್ಲಿ ಮುನ್ನೂರು ಹೂವು ಮುಗಿಯಬೇಕು. ಹಂಗಾಮು ಮುಗಿಯುವವರೆಗೆ ವಾರದ ರಜೆಯಿಲ್ಲ. "ಹೂವಿಗೆ ಭಾನುವಾರ ಗೊತ್ತಿಲ್ವಲ್ಲ," ಎಂದು ಸೂಪರ್‌ವೈಸರ್ ಪ್ರತಿವರ್ಷ ಅದೇ ಮಾತು ಹೇಳುತ್ತಿದ್ದ. ಯಾರೂ ನಗುತ್ತಿರಲಿಲ್ಲ.

ಐವತ್ತು ದಾಟುವ ಹೊತ್ತಿಗೆ ಅವಳ ಕಣ್ಣು ಹತ್ತಿರದ್ದನ್ನು ಬಿಟ್ಟುಕೊಡತೊಡಗಿತು. ದೂರದ ಬಸ್ಸಿನ ಬೋರ್ಡು ಓದುತ್ತಿದ್ದಳು, ಮೂಗಿನ ಮುಂದಿನ ಮೊಗ್ಗು ಮಾತ್ರ ಕಲಸಿಹೋಗುತ್ತಿತ್ತು. ಮಗಳು ಫೋನಿನಲ್ಲಿ, "ಕನ್ನಡಕ ಹಾಕಿಸ್ಕೊಳಮ್ಮ," ಎಂದಳು. ಹಾಕಿಸಿಕೊಂಡಳು. ಬಲೆಮನೆಯ ಸೆಕೆಯಲ್ಲಿ ಅದರ ಗಾಜು ಎರಡೇ ನಿಮಿಷಕ್ಕೆ ಮಂಜಾಗುತ್ತಿತ್ತು, ಬೆವರಿಗೆ ಮೂಗಿನಿಂದ ಜಾರುತ್ತಿತ್ತು. ಒರೆಸೋಣವೆಂದರೆ ಎರಡು ಕೈಯಲ್ಲೂ ಹೂವಿನ ಪುಡಿ. ವಾರವೊಂದು ಹೆಣಗಾಡಿ ಅದನ್ನು ಊಟದ ಡಬ್ಬಿಯ ಚೀಲದಲ್ಲೇ ಬಿಟ್ಟಳು. ಇಷ್ಟು ವರ್ಷದ ಕೈ ಇದು, ಬೆರಳಿಗೇ ಎಲ್ಲ ಗೊತ್ತು ಎಂದುಕೊಂಡಳು. ತೊಟ್ಟು ಸವರಿದರೆ ಸಾಕು, ಮುಳ್ಳು ತಾಗಿದರೆ ಹೆಣ್ಣು, ನುಣುಪಾದರೆ ಗಂಡು. ಅದು ನಿಜವೂ ಹೌದು. ಆದರೆ ಬೆರಳಿಗೆ ಸಿಕ್ಕಿದ ಮೊಗ್ಗಿನ ಮಾತು ಅದು. ಎಲೆಯ ಹಿಂದೆ ಅವಿತ ಮೊಗ್ಗನ್ನು ಮೊದಲು ಕಣ್ಣೇ ಕಾಣಬೇಕು.

ಅವಳ ಪಕ್ಕದ ಎರಡು ಸಾಲು ಓರಗಿತ್ತಿಯದು. ಗಂಡನ ತಮ್ಮನ ಹೆಂಡತಿ. ಅವಳಿಗಿಂತ ಏಳು ವರ್ಷ ಚಿಕ್ಕವಳು. ಇಬ್ಬರೂ ಒಂದೇ ಮನೆಯಲ್ಲಿದ್ದರು, ನಡುವೆ ಪ್ಲೈವುಡ್ಡಿನ ಗೋಡೆ, ಎರಡು ಒಲೆ, ಹಿತ್ತಲಲ್ಲಿ ಒಂದೇ ನಲ್ಲಿ. ಓರಗಿತ್ತಿಗೆ ಈ ಕೆಲಸ ಕೊಡಿಸಿದ್ದೂ, ಮೊಗ್ಗು ಗುರುತಿಸಲು ಕಲಿಸಿದ್ದೂ ಬೀಗತಿಯೇ. ಒಂಬತ್ತು ವರ್ಷದ ಹಿಂದೆ ಅತ್ತೆ ಹಾಸಿಗೆ ಹಿಡಿದರು. ಆಗ ಹಂಗಾಮು ನಡೆದಿತ್ತು. ಓರಗಿತ್ತಿ ಕೆಲಸ ಬಿಟ್ಟು ಕೂತು ಇಪ್ಪತ್ತು ದಿನ ಮುದುಕಿಯ ಸೇವೆ ಮಾಡಿದಳು; ಬೀಗತಿ ಒಂದು ದಿನವೂ ರಜೆ ಹಾಕಲಿಲ್ಲ. ಅತ್ತೆ ಹೋದದ್ದು ಬೆಳಗಿನ ಏಳೂವರೆಗೆ, ಇವಳು ಸಾಲಿನಲ್ಲಿದ್ದಾಗ. ಮನೆಗೆ ಓಡಿ ಬಂದವಳಿಗೆ ಓರಗಿತ್ತಿ ಬಾಗಿಲಲ್ಲೇ, "ನಿನ್ನ ಹೂವೆಲ್ಲ ಮುಗೀತಾ ಅಕ್ಕ?" ಎಂದು ಕೇಳಿದಳು. ಅಷ್ಟೇ. ಬೀಗತಿ ಅವಳನ್ನು ದಾಟಿ ಒಳಗೆ ಹೋದಳು. ಅಲ್ಲಿಂದ ಮುಂದೆ ಇಬ್ಬರ ನಡುವೆ 'ನೀರು ಬಂತು', 'ಗ್ಯಾಸಿನವನು ಬಂದಿದ್ದ', 'ನಿಮ್ಮ ಬಟ್ಟೆ ಒಣಗಿದೆ' ಎಂಬಷ್ಟೇ ಮಾತು.

ಎರಡು ವರ್ಷದಿಂದ ಅದಕ್ಕೆ ಇನ್ನೊಂದು ಸೇರಿತ್ತು. ಸಂಜೆ ಕೆಲಸ ಮುಗಿದ ಮೇಲೆ ಕಂಪನಿಯ ವ್ಯಾನು ಎರಡು ಸಲ ಹೊರಡುತ್ತಿತ್ತು, ಆರಕ್ಕೊಮ್ಮೆ, ಆರೂಮುಕ್ಕಾಲಿಗೊಮ್ಮೆ. ಮೊದಲೆಲ್ಲ ಆರರ ವ್ಯಾನಿಗೇ ಬರುತ್ತಿದ್ದ ಓರಗಿತ್ತಿ ಈಗ ಎರಡನೆಯದಕ್ಕೇ ಬರುತ್ತಿದ್ದಳು. ಪಕ್ಕದಲ್ಲಿ ಕೂರುವುದಕ್ಕೂ ಆಗುವುದಿಲ್ಲವೇನೋ ಎಂದು ಬೀಗತಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದಳು. ಬೇಸರಪಡಲೂ ಮೈಯಲ್ಲಿ ತ್ರಾಣ ಬೇಕಲ್ಲ.

ಎರಡನೆಯ ವರ್ಷದ ಹಂಗಾಮಿನ ನಡುವೆ ಓರಗಿತ್ತಿಯ ಮಗಳಿಗೆ ಹೆರಿಗೆಯಾಯಿತು. ಓರಗಿತ್ತಿ ಒಂದು ವಾರ ರಜೆ ಹಾಕಿ ಹೋದಳು. ಅವಳ ಸಾಲುಗಳನ್ನು ಬೇರೆಯವರಿಗೆ ಹಂಚಿದರು. ವಾರ ಕಳೆದು ಅವಳು ಮರಳಿ ಬಂದು, ಮೊಮ್ಮಗಳು ಹುಟ್ಟಿದಳೆಂದು ಎಲ್ಲರಿಗೂ ಬಿಸ್ಕತ್ತು ಕೊಟ್ಟಳು. ಬೀಗತಿಗೂ ಎರಡು ಕೊಟ್ಟಳು. ಕಾಯಿ ಮಾಗಿತು, ಕಿತ್ತಳೆಗೆ ತಿರುಗಿ ತುದಿ ಬಿರಿಯಿತು, ಕೆಂಪು ಲೋಳೆಯ ಬೀಜ ತೊಳೆದು ಒಣಗಿಸಿ ಸಾಲು, ದಾರದ ಬಣ್ಣಗಳ ಪ್ರಕಾರ ಬೇರೆ ಬೇರೆ ಚೀಲ ತುಂಬಿದರು. ಎಲ್ಲರೂ ಮನೆಗೆ ಹೋಗಿ ನಾಲ್ಕು ದಿನ ಮಲಗಿದರು.

ನಾಲ್ಕು ತಿಂಗಳ ನಂತರ, ಮುಂದಿನ ಹಂಗಾಮಿಗೆ ಮಡಿ ಸಿದ್ಧವಾಗುತ್ತಿದ್ದಾಗ, ಸೂಪರ್‌ವೈಸರ್ ಅವಳನ್ನು ಪರೀಕ್ಷೆಯ ತೋಟಕ್ಕೆ ಕರೆದುಕೊಂಡು ಹೋದ. ಅವನೂ ಅವಳ ವಯಸ್ಸಿನವನೇ, ಹೊಟ್ಟೆಹುಣ್ಣಿನ ಮನುಷ್ಯ, ಜೇಬಿನಲ್ಲಿ ಯಾವಾಗಲೂ ಬಿಳಿ ಮಾತ್ರೆ. ಪ್ರತಿ ಚೀಲದಿಂದಲೂ ಒಂದು ಹಿಡಿ ಬೀಜ ತೆಗೆದು ಅಲ್ಲಿ ಬಿತ್ತಿದ್ದರು. ಕಾಯಿ ಬಂದಿತ್ತು. ಅವನು ಒಂದು ಸಾಲಿನ ಎದುರು ನಿಂತ. ಇಪ್ಪತ್ತು ಬಳ್ಳಿಗಳಲ್ಲಿ ನಾಲ್ಕರಲ್ಲಿ ಕಾಯಿ ಬೆಳ್ಳಗೆ, ಮೋಟಾಗಿ ತೂಗುತ್ತಿತ್ತು.

"ಇದು ನಿಮ್ಮ ಸಾಲಿನದು," ಎಂದ. "ಹಳದಿ ದಾರ."

ಅವಳು ಬಿಳಿ ಕಾಯಿಯೊಂದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಇಷ್ಟು ದೊಡ್ಡದನ್ನು ನೋಡಲು ಕಣ್ಣೇನೂ ತೊಂದರೆ ಕೊಡಲಿಲ್ಲ.

"ಕೆಂಪು?"

"ಕೆಂಪು, ನೀಲಿ, ಎಲ್ಲ ಸರಿಯಾಗಿದೆ. ಹೋದ ವರ್ಷದ್ದೂ ಸರಿಯಾಗಿತ್ತು. ಹಳದಿ ವಾರ ಒಂದೇ ಹೀಗಾಗಿರೋದು. ನಿಮ್ಮ ಕೈಯಿಂದ ಇದು ಆಗೋದಲ್ಲ ಅಂತ ನನಗೆ ಗೊತ್ತು." ಅವನು ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡ. "ಬಲೆ ಹರಿದಿತ್ತು, ದುಂಬಿ ನುಗ್ಗಿರಬೇಕು ಅಂತ ಬರೀತೀನಿ. ಬಲೆ ಹೊಲಿಯೋ ಮುದುಕಂಗೆ ಹೇಗೂ ವಯಸ್ಸಾಯ್ತು, ಈ ವರ್ಷ ಬೇರೆಯವರನ್ನ ನೋಡ್ಬೇಕು ಅಂತ ಮೇಲಿನವರೂ ಅಂತಿದ್ರು."

ಅವಳು ಕಾಯಿ ಬಿಟ್ಟು ಮಡಿಯ ಕಡೆ ನಡೆದಳು. ಆ ದಿನವೆಲ್ಲ ಮಡಿಗೆ ಗೊಬ್ಬರ ಹರಡುತ್ತ ಒಂದೇ ಲೆಕ್ಕ ಹಾಕುತ್ತಿದ್ದಳು. ಹಳದಿ ವಾರದಲ್ಲಿ ಕಣ್ಣು ಹೇಗಿತ್ತೋ ಕೆಂಪು ವಾರದಲ್ಲೂ ಹಾಗೇ ಇತ್ತು. ಹಳದಿಯಲ್ಲಿ ಬಿಟ್ಟುಹೋದಷ್ಟೇ ಮೊಗ್ಗು ನೀಲಿಯಲ್ಲೂ ಬಿಟ್ಟುಹೋಗಿರಬೇಕು. ಹಾಗಾದರೆ ಉಳಿದ ವಾರಗಳ ಬೀಜ ಹೇಗೆ ಕೆಡಲಿಲ್ಲ? ಆ ವಾರ ಬಲೆಮನೆಯಲ್ಲಿ ಬೇರೆ ಏನಾಗಿತ್ತು? ಗೊಬ್ಬರದ ಬುಟ್ಟಿ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದಾಗ, ಬಿಸ್ಕತ್ತು ಕೊಟ್ಟದ್ದು ನೆನಪಿಗೆ ಬಂತು. ಆ ವಾರ ಓರಗಿತ್ತಿ ಇರಲಿಲ್ಲ. ಬೇರೆ ಎಲ್ಲ ವಾರಗಳಲ್ಲೂ ಇದ್ದಳು, ಸಂಜೆ ಆರೂಮುಕ್ಕಾಲಿನವರೆಗೂ ಇದ್ದಳು.

ಅವಳು ಬುಟ್ಟಿಯ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಳು.

ಮರುದಿನ ಬೆಳಗ್ಗೆ ಓರಗಿತ್ತಿ ಹಿತ್ತಲಿನ ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದಳು. ಬೀಗತಿ ತನ್ನ ಬಕೆಟ್ಟು ತಂದು ಪಕ್ಕದಲ್ಲಿಟ್ಟಳು, ನೀರು ಹಿಡಿಯಲಿಲ್ಲ.

"ಎರಡನೇ ವ್ಯಾನಿಗೆ ಯಾಕೆ ಬರ್ತಿದ್ದೆ?"

ಓರಗಿತ್ತಿ ತಲೆಯೆತ್ತದೆ, "ಯಾವ ವ್ಯಾನು?" ಎಂದಳು.

"ಗೊತ್ತಿಲ್ಲದ ಹಾಗೆ ಆಡಬೇಡ. ನಾನು ಹೋದ ಮೇಲೆ ನನ್ನ ಸಾಲು ನೋಡ್ತಿದ್ದೆ ಅಲ್ವಾ."

ಓರಗಿತ್ತಿ ಕೈಯಲ್ಲಿದ್ದ ಟವೆಲ್ಲನ್ನು ಪೂರ್ತಿ ಹಿಂಡಿ, ಕೊಡವಿ, ತಂತಿಗೆ ಹಾಕಿದಳು. ಆಮೇಲೆ, "ಸಿಕ್ಕಿದ್ದನ್ನ ಚಿವುಟ್ತಿದ್ದೆ," ಎಂದಳು.

"ಎಷ್ಟು ಸಿಗ್ತಿತ್ತು?"

"ಮೊದಮೊದಲು ಹತ್ತು ಹನ್ನೆರಡು. ಹೋದ ವರ್ಷ ಬೊಗಸೆ ತುಂಬ. ಕ್ಲಿಪ್ಪೂ ಸಡಿಲ ಇರ್ತಿತ್ತು ಕೆಲವು, ಇರುವೆ ಹೋಗೋಷ್ಟು."

ಬೀಗತಿ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ನನಗೆ ಹೇಳಬಹುದಿತ್ತು."

"ಹೇಗೆ ಹೇಳಲಿ ಅಕ್ಕ. ಮಾತಾಡ್ತಿದ್ವಾ ನಾವು?"

"ಇಲ್ಲ."

"ಮತ್ತೆ." ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. "ಮೊದಲನೇ ದಿನ ನನ್ನ ಸಾಲಿನ ಚಿಂತೆಗೇ ಮಾಡಿದ್ದು. ನಿನ್ನ ಕಡೆ ಗಂಡು ಅರಳಿದ್ರೆ ನನ್ನ ಕಡೆಗೂ ಬರುತ್ತೆ. ಆಮೇಲೆ ಬಿಡಕ್ಕಾಗಲಿಲ್ಲ. ನಿಜ ಹೇಳ್ತೀನಿ, ನನಗೂ ಸಾಕಾಗಿದೆ. ನಾಲ್ಕು ಸಾಲು ಒಬ್ಬಳೇ ನೋಡಿದ ಹಾಗಾಗ್ತಿತ್ತು. ಈ ವರ್ಷ ಮಾಡಲ್ಲ ಅಂತಾನೇ ಇದ್ದೆ."

"ಮಾಡಬೇಡ."

ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಬೀಗತಿ ಕೈಚಾಚಿ ಅದನ್ನು ನಿಲ್ಲಿಸಿದಳು. "ಅತ್ತೆ ಹೋದಾಗ ನೀನು ಕೇಳಿದ್ಯಲ್ಲ, ಅದು ಸರಿಯಾಗೇ ಕೇಳಿದ್ದೆ. ನಾನು ಒಂದು ದಿನವಾದರೂ ಇರಬೇಕಿತ್ತು."

"ಅದನ್ನೀಗ ಎತ್ತಬೇಡ ಅಕ್ಕ," ಎಂದಳು ಓರಗಿತ್ತಿ, ಸಿಡುಕಿಲ್ಲದೆ. "ಬಟ್ಟೆ ಇನ್ನೂ ಅರ್ಧ ಇದೆ."

ಬೀಗತಿ ಬಕೆಟ್ಟಿನಿಂದ ಎದ್ದು, ಜಾಲಿಸಿದ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಹೊದಿಕೆ ದಪ್ಪದ್ದು. ಇಬ್ಬರೂ ಎರಡು ಕಡೆಯಿಂದ ತಿರುಚಿ ಹಿಂಡಿದರು.

ಅಂದು ಮಧ್ಯಾಹ್ನವೇ ಅವಳು ಸೂಪರ್‌ವೈಸರ್ ಕೋಣೆಗೆ ಹೋದಳು. ತಗಡಿನ ಚಾವಣಿಯ ಪುಟ್ಟ ಕೋಣೆ, ಮೇಜಿನ ತುಂಬ ದಾರದ ಉಂಡೆಗಳು. ಬಲೆ ಸರಿಯಾಗಿಯೇ ಇತ್ತು, ತಪ್ಪು ತನ್ನ ಕಣ್ಣಿನದು, ಎರಡು ವರ್ಷದಿಂದ ತನ್ನ ಸಾಲು ಶುದ್ಧವಾಗಿದ್ದದ್ದು ಓರಗಿತ್ತಿಯಿಂದ ಎಂದು ಒಂದೇ ಉಸಿರಿಗೆ ಹೇಳಿದಳು. ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗದೆಂಬ ಅಂಜಿಕೆ.

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ನಾನೇ ದಾರಿ ಮಾಡ್ಕೊಟ್ಟಿದ್ನಲ್ಲಮ್ಮ."

"ಆ ದಾರೀಲಿ ಬಲೆ ಹೊಲಿಯೋ ಮುದುಕಪ್ಪ ಇದ್ದಾನಲ್ಲ."

"ಅದೂ ಸರಿ." ಅವನು ಹಣೆ ಒರೆಸಿಕೊಂಡ. "ಆದರೆ ಇದನ್ನ ಬರೆದ ಮೇಲೆ ಹೂವು ಮುಟ್ಟಿಸೋ ಕ್ರಾಸಿಂಗ್ ಕೆಲಸಕ್ಕೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ. ಗಂಡು ಮನೆಗೆ ಹಾಕ್ತೀನಿ, ತಂದೆ ತಳಿ ಹೂವು ಕೀಳೋಕೆ. ಹೊಸಬರ ಕೆಲಸ ಅದು, ನಿಮಗೆ ಬೇಜಾರಾಗಬಹುದು."

"ಅಲ್ಲಿ ಗುರುತಿಸೋದೇನಿದೆ," ಎಂದಳು ಅವಳು. "ಹಳದಿ ಕಂಡ್ರೆ ಕಿತ್ತರಾಯ್ತು."

ಅವನು ನಕ್ಕ. ಅವಳಿಗೂ ನಗು ಬಂತು. ಹೊರಗೆ ಬಂದು ಕೋಣೆಯ ಹಿಂದಿನ ನೆರಳಿನಲ್ಲಿ ನಿಂತಳು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಐದು ನಿಮಿಷದಲ್ಲಿ ಕೈಬಿಟ್ಟಿತ್ತು. ಅಳಬೇಕೆನಿಸಿತು, ಅಳು ಬರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ, ಟೈರಿಗೆ ತೇಪೆ ಹಾಕಿ ಕಪ್ಪಾದ ಕೈ ತೊಳೆಯುತ್ತಿದ್ದ ಅವನು, "ಇನ್ನಾದರೂ ಬೆನ್ನು ಸ್ವಲ್ಪ ನೆಟ್ಟಗಾಗುತ್ತೆ ಬಿಡು," ಎಂದ. ಅವನ ಮಟ್ಟಿಗೆ ಅದು ದೊಡ್ಡ ಸಮಾಧಾನದ ಮಾತೇ.

ಬೆನ್ನು ನೆಟ್ಟಗೇನೂ ಆಗಲಿಲ್ಲ. ಗಂಡು ಮನೆಯ ಕೆಲಸ ಇನ್ನೂ ಬೇಗ ಶುರುವಾಗುತ್ತಿತ್ತು. ಪುಡಿ ಉದುರುವ ಮೊದಲು ಹೂವು ಕಿತ್ತು, ಒದ್ದೆ ಬಟ್ಟೆ ಹಾಸಿದ ತಟ್ಟೆಗಳಲ್ಲಿ ಜೋಡಿಸಿ, ಆರಕ್ಕೆ ಸರಿಯಾಗಿ ಹೆಣ್ಣು ಮನೆಯ ಬಾಗಿಲಿಗೆ ಮುಟ್ಟಿಸಬೇಕು. ಜೊತೆಗಿದ್ದವರು ಮಗಳ ವಯಸ್ಸಿನವರು. ಅವರಿಗೂ ಅವಳು ಬೀಗತಿಯೇ ಆದಳು, ಈಗ ಗಂಡಿನ ಕಡೆಯ ಬೀಗತಿ ಎಂದು ಸೇರಿಸಿ ಹೇಳುತ್ತಿದ್ದರು. ತಟ್ಟೆ ತೆಗೆದುಕೊಳ್ಳಲು ಓರಗಿತ್ತಿ ಬರುತ್ತಿದ್ದಳು. "ಇವತ್ತು ಹೂವು ಸಣ್ಣ ಇದೆ." "ಮೋಡ ಅಲ್ವಾ, ಅದಕ್ಕೆ." "ಸಂಜೆ ಗ್ಯಾಸಿನವನು ಬರ್ತಾನೆ." "ನಾನಿರ್ತೀನಿ." ಮೊದಲಿಗಿಂತ ಹೆಚ್ಚೇನೂ ಮಾತಿರಲಿಲ್ಲ, ಆದರೆ ಹೇಳಿ ಮುಗಿಸಿದ ಮೇಲೆ ಇಬ್ಬರೂ ತಟ್ಟನೆ ತಿರುಗಿ ಹೋಗುತ್ತಿರಲಿಲ್ಲ. ಬೀಗತಿಯ ಹಳೆಯ ಎರಡು ಸಾಲು ಹೊಸಬಳೊಬ್ಬಳಿಗೆ ಸಿಕ್ಕಿತ್ತು, ಒಳ್ಳೆಯ ಕಣ್ಣಿನವಳು. ಆ ವರ್ಷದ ಬೀಜದಲ್ಲಿ ಕೆಡುಕು ಕಾಣಲಿಲ್ಲ. ಬಲೆ ಹೊಲಿಯುವ ಮುದುಕ ತನ್ನ ಸೂಜಿ ಹಿಡಿದು ಇನ್ನೂ ಎರಡು ವರ್ಷ ಬಂದ. ತನ್ನ ಹೆಸರು ಆ ಮಾತಿನಲ್ಲಿ ಬಂದುಹೋಯಿತೆಂಬುದೇ ಅವನಿಗೆ ತಿಳಿಯಲಿಲ್ಲ.

ಗಂಡು ಮನೆಯ ಬಲೆ ಅಲ್ಲಲ್ಲಿ ಹರಿದಿರುತ್ತಿತ್ತು. ಹೂವೆಲ್ಲ ಕಿತ್ತಾದ ಮೇಲೆ ಯಾವ ಹುಳ ಬಂದರೂ ಅಲ್ಲಿ ಯಾರಿಗೂ ನಷ್ಟವಿಲ್ಲ. ಆ ಬಳ್ಳಿಗಳಲ್ಲೂ ಹೆಣ್ಣು ಹೂವು ಬಿಡುತ್ತಿದ್ದವು, ಅವುಗಳಿಗೆ ಟೊಪ್ಪಿಗೆಯಿಲ್ಲ, ದಾರವಿಲ್ಲ. ಒಂದು ಬೆಳಗ್ಗೆ ಕೊನೆಯ ತಟ್ಟೆ ಕಳಿಸಿ ಅವಳು ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಳು. ಮಂಡಿ ನೋಯುತ್ತಿತ್ತು. ತೋಳಿನಷ್ಟು ದೂರದಲ್ಲಿ ಒಂದು ಹೆಣ್ಣು ಹೂವು ಅರಳಿತ್ತು, ಆ ದೂರಕ್ಕೆ ಕಣ್ಣು ಇನ್ನೂ ಸಲ್ಲುತ್ತಿತ್ತು. ಬಲೆಯ ಹರುಕಿನಿಂದ ಸಣ್ಣ ಜೇನೊಂದು ಒಳಗೆ ಬಂದು, ಕೀಳಲು ಮರೆತ ಗಂಡು ಹೂವೊಂದರಲ್ಲಿ ಹೊರಳಾಡಿ, ಕಾಲೆಲ್ಲ ಹಳದಿ ಮಾಡಿಕೊಂಡು, ಈ ಹೂವಿನ ಹಸಿರು ಗಂಟಿನ ಮೇಲೆ ಇಳಿಯಿತು. ಒಂದು ಸುತ್ತು ನಡೆದು, ಹೊರಟುಹೋಯಿತು. ಇಷ್ಟು ಬೇಗ ಆಗುವ ಕೆಲಸವೇ ಇದು ಎಂದು ಅವಳಿಗೆ ಆಶ್ಚರ್ಯವಾಯಿತು. ಈ ಹೂವುಗಳ ನಡುವೆ ಇಷ್ಟು ವರ್ಷ ಕಳೆದರೂ ಜೇನಿನ ಕೆಲಸವನ್ನು ಅವಳು ಕೂತು ನೋಡಿದ್ದು ಅದೇ ಮೊದಲು.

"ಏನಕ್ಕ, ನಿದ್ದೆ ಬಂತಾ?" ಜೊತೆಯ ಹುಡುಗಿಯೊಬ್ಬಳು ಸಾಲಿನ ಆ ತುದಿಯಿಂದ ಕೇಳಿದಳು.

"ಇಲ್ಲ ಕಣೆ, ಎದ್ದೆ," ಎಂದಳು. ಆದರೆ ಏಳಲಿಲ್ಲ. ಇನ್ನೊಂದು ಜೇನು ಬರುವವರೆಗೆ ಕೂತೇ ಇದ್ದಳು.